ಬುಗುರಿಯ ಬೆಳಕು, ಅಕ್ಕನ ಬೆರಳು

ಬುಗುರಿ ಕೂತಿದ್ದನ್ನು ನೋಡಿದವರು ನಮ್ಮ ಬೀದಿಯಲ್ಲಿ ಇಬ್ಬರೇ ಇಬ್ಬರು. ಒಬ್ಬ ಫೋಟೋ ಸ್ಟುಡಿಯೋದವನು. ಅವನು ತೆಗೆದ ಚಿತ್ರದಲ್ಲಿ ಕುರ್ಚಿ ಚೆನ್ನಾಗಿ ಮೂಡಿದೆ, ಬುಗುರಿ ಮಾತ್ರ ಹೊಗೆಯ ಹಾಗೆ ಬಂದಿದ್ದಾನೆ. ಇನ್ನೊಬ್ಬಳು ಬುಗುರಿಯ ಹೆಂಡತಿ. ಅವಳನ್ನು ಕೇಳಿದರೆ, "ಮದುವೆ ದಿನ ಒಂದು ಗಳಿಗೆ ಕೂತಿದ್ರು ಅನ್ಸತ್ತೆ. ನಾಚಿಕೆ ನೋಡಿ, ನಾನು ಸರಿಯಾಗಿ ಆ ಕಡೆ ನೋಡ್ಲಿಲ್ಲ" ಎನ್ನುತ್ತಾಳೆ.

ಆ ಹೆಸರನ್ನಿಟ್ಟವಳು ಅವನ ಅಕ್ಕ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿನ ಕೂಸು, ಅಕ್ಕ ಆಗತಾನೇ ಹೊಲಿಗೆ ಮೆಷಿನ್ನು ತುಳಿಯಲು ಕಲಿತ ಹುಡುಗಿ. ಆ ಅಂಬೆಗಾಲಿನಲ್ಲೇ ಅವನು ಬಸ್ ನಿಲ್ದಾಣದವರೆಗೆ ಹೋಗಿ, ಬಸ್ಸು ತಡವಾಯಿತೆಂದು ಬೇಸತ್ತು ವಾಪಸು ಬರುತ್ತಿದ್ದನಂತೆ. ಅಕ್ಕ ಅವನ ಸೊಂಟಕ್ಕೆ ಅಳತೆ ಟೇಪು ಸುತ್ತಿ, ಇನ್ನೊಂದು ತುದಿಯನ್ನು ಮೆಷಿನ್ನಿನ ಕಾಲಿಗೆ ಕಟ್ಟಿ, ಪಕ್ಕದಲ್ಲೇ ಕೂತು ಊರವರ ಅಂಗಿ ಹೊಲಿಯುತ್ತಿದ್ದಳು. ಸಂಜೆ ಟೇಪು ಬಿಚ್ಚಿದರೆ ಸಾಕು, ಗಿರ್ರನೆ ತಿರುಗುತ್ತಾ ಬಾಗಿಲಾಚೆ ಹೋಗಿರುತ್ತಿದ್ದ. "ನೀನು ತಮ್ಮ ಅಲ್ಲ ಕಣೋ, ಬುಗುರಿ" ಅಂದಳು. ಶಾಲೆಯಲ್ಲಿ ಬೇರೊಂದು ಹೆಸರು ಬರೆಸಿದ್ದುಂಟು. ಅದು ಈಗ ಅವನಿಗೇ ಥಟ್ಟನೆ ನೆನಪಾಗುವುದಿಲ್ಲ.

ದೊಡ್ಡವನಾದ ಮೇಲೆ ಕೆಲಸಗಳನ್ನೂ ಹಾಗೇ ಸುತ್ತಿದ. ಮೊದಲು ಗೋದಾಮಿನ ಕಾವಲುಗಾರನಾದ. ಮೊದಲ ರಾತ್ರಿಯೇ ಕಟ್ಟಡವನ್ನು ಎಷ್ಟು ಸಲ ಸುತ್ತಿದನೆಂದರೆ, ನೋಡುತ್ತಾ ಹೊಂಚು ಹಾಕಿದ್ದ ಕಳ್ಳ ತಲೆ ತಿರುಗಿ ಅಲ್ಲೇ ಕೂತುಬಿಟ್ಟ. ಹಿಡಿಯಬೇಕಾದರೆ ಬುಗುರಿ ಒಂದು ಕಡೆ ನಿಲ್ಲಬೇಕಿತ್ತು, ಅದೊಂದು ಆಗಲಿಲ್ಲ. ಆಮೇಲೆ ಕ್ಷೌರದಂಗಡಿಗೆ ಸೇರಿದ. ಅದರ ವಿವರ ಬೇಡ. ಗಿರಾಕಿ ಬದುಕಿದ್ದಾನೆ, ಎರಡೂ ಕಿವಿ ಅವನ ಬಳಿಯೇ ಇವೆ. ಕೊನೆಗೆ ಬಣ್ಣದ ಕಾರ್ಖಾನೆಯಲ್ಲಿ ಡ್ರಮ್ಮು ಕಲಕುವ ಕೆಲಸ ಹೊಂದಿತು. ಅಲ್ಲಿಂದ ಅವನನ್ನು ಕರೆಸಿಕೊಂಡವರು ಕ್ಯಾನ್ಸರ್ ಆಸ್ಪತ್ರೆಯ ಹಿಂದಿನ ಔಷಧಿ ಘಟಕದವರು. ಅವರಿಗೂ ಕಲಕುವವನೇ ಬೇಕಿತ್ತು, ಆದರೆ ಅಲ್ಲಿ ಕಲಕುವುದು ಡ್ರಮ್ಮನ್ನಲ್ಲ, ಗಾಜಿನ ಬೀಕರನ್ನು.

ಆ ಘಟಕದಲ್ಲಿ ತಯಾರಾಗುವುದು ನ್ಯಾನೋ ಕಣ. ಅದರ ಗಾತ್ರವನ್ನು ನಾನು ಉತ್ಪ್ರೇಕ್ಷೆ ಮಾಡಬೇಕಾಗಿಲ್ಲ, ಇದ್ದದ್ದೇ ಸಾಕು. ನಿಮ್ಮ ತಲೆಯಲ್ಲಿ ಒಂದು ಕೂದಲು ಉಳಿದಿದ್ದರೆ, ಅದರ ಅಗಲಕ್ಕೆ ಈ ಕಣಗಳನ್ನು ಸಾಲಾಗಿ ನಿಲ್ಲಿಸಲು ನೂರಾರು ಬೇಕು. ಪ್ರತಿ ಕಣವೂ ಒಂದು ಸಂಚಿ, ಒಳಗೆ ಕ್ಯಾನ್ಸರ್ ಮದ್ದು. ಸಂಚಿಯ ಬಟ್ಟೆ ಒಂದು ಬಗೆಯ ಪಾಲಿಮರ್. ಪ್ಲಾಸ್ಟಿಕ್ಕಿಗೆ ದೂರದ ನೆಂಟ, ಆದರೆ ಬಂದ ಮನೆಯಲ್ಲೇ ಠಿಕಾಣಿ ಹೂಡುವ ನೆಂಟನಲ್ಲ. ಕೆಲಸ ಮುಗಿಯುತ್ತಲೇ ಮೈಯಲ್ಲೇ ಕರಗಿ, ನೀರಾಗಿ ಉಸಿರಾಗಿ ಹೊರಟುಹೋಗುತ್ತದೆ. ಆ ಪಾಲಿಮರನ್ನೂ ಮದ್ದನ್ನೂ ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಕರಗಿಸಿ, ಕೆಳಗೆ ಸುಳಿಯಾಗಿ ಸುತ್ತುವ ನೀರಿಗೆ ಒಂದೊಂದೇ ಹನಿ ಬಿಡಬೇಕು. ಅವಸರಪಟ್ಟರೆ ಕಣಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆ. ಲೋಕದಲ್ಲೇ ಅತ್ಯಂತ ತಾಳ್ಮೆ ಬೇಡುವ ಕೆಲಸಕ್ಕೆ ಲೋಕದಲ್ಲೇ ಅತ್ಯಂತ ತಾಳ್ಮೆಗೆಟ್ಟವನು ಬಂದು ನಿಂತ. ಆದರೂ ಹೊಂದಿಕೊಂಡ. ಹನಿ ಬಿಡುವಾಗ ಅವನ ಕೈ ಕಂಬದ ಹಾಗೆ ನಿಲ್ಲುತ್ತದೆ, ಮೇಜಿನ ಕೆಳಗೆ ಕಾಲು ಮಾತ್ರ ಕುಣಿಯುತ್ತಿರುತ್ತದೆ. ಅವನು ನಿಲ್ಲುವ ಜಾಗದ ನೆಲ ಎಷ್ಟು ಸವೆದಿದೆಯೆಂದರೆ ಕೆಳಗಿನ ಮಹಡಿಯವರು ತಲೆಗೆ ಏನಾದರೂ ಬಿದ್ದೀತೆಂದು ಕುರ್ಚಿ ಸರಿಸಿಕೊಂಡಿದ್ದಾರೆ.

ಕಣ ಆಯಿತೋ ಇಲ್ಲವೋ ನೋಡಲು ದೊಡ್ಡ ಯಂತ್ರವಿದೆ. ಅದು ಉತ್ತರ ಹೇಳುವಷ್ಟರಲ್ಲಿ ಬುಗುರಿ ಹತ್ತು ಸಲ ಬಾಗಿಲವರೆಗೆ ಹೋಗಿ ಬರುತ್ತಾನೆ. ಆದ್ದರಿಂದ ಅಲ್ಲಿಯವರೆಲ್ಲರೂ ಮೊದಲು ಒಂದು ಸಣ್ಣ ಹಸಿರು ದೀಪ ಹಿಡಿದು ನೋಡುವ ರೂಢಿ ಇಟ್ಟುಕೊಂಡಿದ್ದರು. ಮೇಷ್ಟರು ಗೋಡೆಯ ಮೇಲೆ ತೋರಿಸಲು ಹಿಡಿಯುವ ಲೇಸರ್ ಚುಕ್ಕಿ ದೀಪವೇ ಅದು. ಬರೀ ನೀರಿಗೆ ಹಿಡಿದರೆ ಬೆಳಕು ಒಳಗೆ ಕಾಣಿಸದೆ ಆಚೆ ಹೋಗುತ್ತದೆ. ಕಣಗಳಿರುವ ನೀರಿಗೆ ಹಿಡಿದರೆ ನೀರಿನೊಳಗೆ ಹಸಿರು ನೂಲು ಎಳೆದಂತೆ ದಾರಿ ಕಾಣುತ್ತದೆ. ನೂಲು ಕಂಡರೆ ಬುಗುರಿಗೆ ಆ ದಿನ ಊಟ ಸೇರುತ್ತದೆ.

ಹೀಗಿರುವಾಗ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿತು. ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಡ್ರಿಪ್ಪಿನಲ್ಲಿ ಮದ್ದು ಏರಿಸಬೇಕೆಂದರು. ಅದನ್ನು ನೋಡಿಕೊಳ್ಳುವ ಡಾಕ್ಟರಮ್ಮ ಅಕ್ಕ ತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡರು. ಅಂದರೆ ಅಕ್ಕನನ್ನು ಕೂರಿಸಿಕೊಂಡರು, ತಮ್ಮ ಕುರ್ಚಿಯ ಹಿಂದೆ ಓಡಾಡುತ್ತಿದ್ದ.

"ಹಳೇ ಮದ್ದು ಒಳ್ಳೇದೇ" ಅಂದರು ಡಾಕ್ಟರಮ್ಮ. "ಆದ್ರೆ ಮೈಯೆಲ್ಲಾ ಸುತ್ತತ್ತೆ, ಬೆರಳ ತುದಿ ಜೋಮು ಹಿಡಿಸತ್ತೆ. ಕೆಲವರಿಗೆ ಅದು ಹೋಗೋದೇ ಇಲ್ಲ."

ಅಕ್ಕ ತನ್ನ ಬೆರಳು ನೋಡಿಕೊಂಡಳು. ಈ ಊರಿನಲ್ಲಿ ಅಂಗಿ ಹರಿದರೂ ಗುಂಡಿ ಬಿಡದ ಹಾಗೆ ಹೊಲಿಯುವವಳು ಅವಳೊಬ್ಬಳೇ. ಕಣ್ಣು ಮುಚ್ಚಿ ಬಟ್ಟೆ ಮುಟ್ಟಿ, ಅದರಲ್ಲಿ ಹತ್ತಿ ಎಷ್ಟು, ಅಂಗಡಿಯವನ ಸುಳ್ಳು ಎಷ್ಟು ಎಂದು ಹೇಳುತ್ತಿದ್ದಳು. ಆ ಬೆರಳು ಹೋದರೆ ಅವಳಿಗೆ ಉಳಿಯುವುದು ಬರೀ ಮೆಷಿನ್ನು.

"ಹೊಸದು ನಿಮ್ಮ ತಮ್ಮ ಮಾಡೋ ಕಣದ ಮದ್ದು. ಗಂಟಿನ ಜೀವಕೋಶ ಹುಡುಕಿಕೊಂಡು ಹೋಗೋ ಹಾಗೆ ಅದರ ಮೇಲೆ ಒಂದು ಗುರುತು ಅಂಟಿಸಿರ್ತೀವಿ. ಬೆರಳಿಗೆ ಕಡಿಮೆ ತೊಂದರೆ ಆಗಬಹುದು ಅಂತ ಆಸೆ. ಆದ್ರೆ ಆಸೆ ಅಷ್ಟೇ, ಇನ್ನೂ ಪರೀಕ್ಷೆ ನಡೀತಿದೆ. ಅರ್ಧ ಜನಕ್ಕೆ ಹಳೇದು, ಅರ್ಧ ಜನಕ್ಕೆ ಹೊಸದು. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರಲ್ಲ, ನನಗೂ ಗೊತ್ತಿರಲ್ಲ. ಚೀಲಕ್ಕೆ ಕಂದು ಗವಸು ಹಾಕಿರ್ತಾರೆ."

"ಅದ್ಯಾಕೆ ಮೇಡಂ, ನೋಡಿದ್ರೆ ದೃಷ್ಟಿ ಆಗತ್ತಾ?" ಎಂದಳು ಅಕ್ಕ.

ಡಾಕ್ಟರಮ್ಮ ನಕ್ಕರು. "ಹೊಸದು ಅಂತ ತಿಳಿದ್ರೆ ನೋವಿದ್ರೂ ಕಡಿಮೆ ಅಂತೀರ. ಹಳೇದು ಅಂತ ತಿಳಿದ್ರೆ ಇಲ್ಲದ ಜೋಮೂ ಬರತ್ತೆ. ನಂಗೆ ಬೇಕಾಗಿರೋದು ನಿಮ್ಮ ಬೆರಳಿನ ಮಾತು, ಮನಸ್ಸಿನ ಮಾತಲ್ಲ. ಬೆರಳು ಕೆಡ್ತಾ ಬಂತು ಅಂದ್ರೆ ನಾನು ಪ್ರಮಾಣ ಇಳಿಸಬೇಕು. ನೀವು ಹೇಳದಿದ್ರೆ ನಂಗೆ ಹೇಗೆ ಗೊತ್ತಾಗತ್ತೆ?"

ಅಕ್ಕ ಒಪ್ಪಿದಳು. ಹೊರಗೆ ಬಂದ ಮೇಲೆ ಬುಗುರಿ ಅವಳಿಗೆ ಕಣದ ವಿಷಯ ಅರ್ಥ ಮಾಡಿಸಲು ಹೊರಟ. "ಆಪರೇಷನ್ನಿಗೆ ಕರಗೋ ದಾರ ಹಾಕಿದ್ರಲ್ಲ, ಬಿಚ್ಚೋದೇ ಬೇಡ ಅಂದ್ರಲ್ಲ? ಅದೇ ಜಾತಿ ಸಾಮಾನಲ್ಲಿ ಸಂಚಿ ಮಾಡ್ತೀವಿ ಅಕ್ಕ. ಮೇಲೆ ವಿಳಾಸ, ಒಳಗೆ ಮದ್ದು. ಸೀದಾ ಗಂಟಿನ ಮನೆಗೇ ಹೋಗಿ ಬೀಳತ್ತೆ."

"ವಿಳಾಸ ಸರಿಯಾಗಿದ್ರೂ ನಮ್ಮ ಕೊರಿಯರ್‌ನವನು ಪಕ್ಕದ ಮನೆಗೆ ಕೊಟ್ಟು ಹೋಗ್ತಾನಲ್ಲೋ."

"ಅಲ್ಲೂ ಹಾಗೇ. ಬಹಳಷ್ಟು ದಾರೀಲೇ ಕಳೆದುಹೋಗತ್ತೆ."

"ಮತ್ತೆ ಇಷ್ಟು ಹಾರಾಡ್ತೀಯ?"

"ಹಳೇದಕ್ಕೆ ವಿಳಾಸವೇ ಇಲ್ಲ ಅಕ್ಕ. ಬೀದಿಯೆಲ್ಲಾ ಚೆಲ್ಲಿಕೊಂಡು ಹೋಗತ್ತೆ."

ಡ್ರಿಪ್ಪು ಶುರುವಾಯಿತು. ಚೀಲಗಳಿಗೆ ಮದ್ದು ತುಂಬಿ ಅಂಕಿ ಹಾಕುವವರು ಬೇರೆ ಕೋಣೆಯವರು. ಅವರ ಬಾಗಿಲು ಬುಗುರಿಯ ಪಾಲಿಗೆ ಕಲ್ಲು. ತಾನೇ ಹನಿಹನಿಯಾಗಿ ಮಾಡಿದ ಮದ್ದು ಅಕ್ಕನ ಕೈಗೆ ಇಳಿಯುತ್ತಿದೆಯೋ, ಬೇರೆ ಯಾರ ಅಕ್ಕನ ಕೈಗೋ? ಈ ಪ್ರಶ್ನೆ ಹಿಡಿದುಕೊಂಡು ಮನೆಯಲ್ಲಿ ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ನಡೆದ. ಹೆಂಡತಿ ಹೇಳುವ ಪ್ರಕಾರ, ಆ ನಡಿಗೆಯನ್ನು ಉದ್ದಕ್ಕೆ ಬಿಡಿಸಿದ್ದರೆ ಸಮುದ್ರ ದಾಟಿ ಆಚೆ ದಡದಲ್ಲಿ ಒಂದು ಟೀ ಕುಡಿದು ಬರಬಹುದಿತ್ತು. "ಅತ್ತಿಗೆಗೆ ಕಾಯಿಲೆ, ಇವರಿಗೆ ಸಂಕಟ, ನನಗೆ ಕಾಲು ನೋವು" ಎಂದು ಅವಳು ಪಕ್ಕದ ಮನೆಯವಳ ಹತ್ತಿರ ಹೇಳಿಕೊಂಡಳು. "ನಿಮಗ್ಯಾಕೆ ಕಾಲು ನೋವು?" "ಮಾತಾಡಬೇಕಂದ್ರೆ ಜೊತೇಲಿ ನಡೀಬೇಕಲ್ಲ."

ಮುಂದಿನ ಸಲ ಡ್ರಿಪ್ಪಿಗೆ ಹೋದಾಗ ಅವನ ಜೇಬಿನಲ್ಲಿ ಹಸಿರು ದೀಪ ಇತ್ತು.

ಡ್ರಿಪ್ಪಿನ ಕೋಣೆ ಉದ್ದವಾದದ್ದು. ಒರಗು ಕುರ್ಚಿಗಳ ಸಾಲು, ಪ್ರತಿ ಕುರ್ಚಿಯ ಪಕ್ಕ ಕಬ್ಬಿಣದ ಕಂಬ, ಕಂಬದಲ್ಲಿ ಗವಸು ತೊಟ್ಟ ಚೀಲ. ಅಕ್ಕ ಒರಗಿ ನಿದ್ದೆ ಹೋಗಿದ್ದಳು. ಗವಸಿನ ಬಾಯಿ ಕೆಳಗೆ ಒಂದಿಷ್ಟು ಸಡಿಲವಿತ್ತು. ಹನಿ ಬೀಳುವ ಗಾಜಿನಂಥ ಪುಟ್ಟ ಕೊಳವೆ ಅಲ್ಲಿ ಇಣುಕುತ್ತಿತ್ತು. ಮದ್ದು ನೀರಿನಲ್ಲಿ ಬೆರೆತು ಎಷ್ಟು ತೆಳುವಾಗಿತ್ತೆಂದರೆ ಬರಿಗಣ್ಣಿಗೆ ಏನೂ ಗೊತ್ತಾಗುವಂತಿರಲಿಲ್ಲ. ನರ್ಸಮ್ಮ ಆ ತುದಿಯಲ್ಲಿ ಯಾರದೋ ಸೂಜಿ ತೆಗೆಯುತ್ತಿದ್ದರು. ಬುಗುರಿ ಬೆನ್ನು ತಿರುಗಿಸಿ, ಮೈಯನ್ನು ಮರೆ ಮಾಡಿ, ದೀಪ ಒತ್ತಿದ.

ನೂಲು ಕಂಡಿತು. ಹಸಿರು, ಸಣ್ಣ, ನೇರ.

ಅಕ್ಕ ಕಣ್ಣು ಬಿಟ್ಟಾಗ ತಮ್ಮ ಕುರ್ಚಿಯ ಸುತ್ತ ಸುತ್ತುತ್ತಿದ್ದ. ಮುಖ ನೋಡಿದರೆ ಸಾಕಾಗಿತ್ತು.

"ಏನೋ ಮಾಡಿದ್ದೀಯ" ಎಂದಳು.

"ಏನಿಲ್ಲ ಅಕ್ಕ."

"ಚಿಕ್ಕೋನಿದ್ದಾಗ ಸಕ್ಕರೆ ಡಬ್ಬಿಗೆ ಕೈ ಹಾಕಿದಾಗಲೂ ಏನಿಲ್ಲ ಅಂತಿದ್ದೆ, ಬಾಯಿ ಸುತ್ತಾ ಸಕ್ಕರೆ ಇರ್ತಿತ್ತು."

ಬುಗುರಿ ಬಗ್ಗಿ ಕಿವಿಯಲ್ಲಿ ಹೇಳಿದ. "ಹೊಸದೇ ಅಕ್ಕ. ನಂದೇ. ನಾನು ನೋಡ್ದೆ."

ಅಕ್ಕ ಚೀಲದ ಕಡೆ ಒಮ್ಮೆ ನೋಡಿ, "ಹೇಳಬಾರದಿತ್ತು ಕಣೋ" ಎಂದಳು. ಹಾಗೆಂದರೂ ಅವಳ ಮುಖದಲ್ಲಿ ಒಂದು ಬೆಳಕು ಬಂದದ್ದನ್ನು ಬುಗುರಿ ಕಂಡ. ಅವನಿಗೆ ಅಷ್ಟು ಸಾಕಾಯಿತು.

ಆ ಮೇಲಿನ ವಾರಗಳಲ್ಲಿ ಡಾಕ್ಟರಮ್ಮ ಕೇಳಿದಾಗಲೆಲ್ಲ ಅಕ್ಕ, "ಬೆರಳು ಚೆನ್ನಾಗಿದೆ ಮೇಡಂ" ಎನ್ನುತ್ತಿದ್ದಳು. ಕಣ್ಣು ಮುಚ್ಚಿಸಿ ಹತ್ತಿ ಸೋಕಿಸಿದರೆ, "ಹ್ಞೂ, ಗೊತ್ತಾಗತ್ತೆ" ಎನ್ನುತ್ತಿದ್ದಳು. ಆದರೆ ಡಾಕ್ಟರಮ್ಮ ಸೋಕಿಸುವ ಹೊತ್ತಿಗೇ ಅವಳು ರೆಪ್ಪೆಯ ಸಂದಿನಲ್ಲಿ ಕದ್ದು ನೋಡುತ್ತಿದ್ದಳು. ಕೆಲಸದಲ್ಲಿ ಬುಗುರಿ ಹನಿ ಬಿಡುತ್ತಾ ಸಿಳ್ಳೆ ಹಾಕತೊಡಗಿದ. ಅವನ ಸಿಳ್ಳೆಗೆ ಸುಳಿಯ ನೀರು ತಾಳ ಹಾಕುತ್ತಿತ್ತೆಂದು ಅಲ್ಲಿಯವರು ಹೇಳುತ್ತಾರೆ. ನಾನು ಪೂರ್ತಿ ನಂಬುವುದಿಲ್ಲ, ಅರ್ಧ ನಂಬುತ್ತೇನೆ.

ಒಂದು ಮಧ್ಯಾಹ್ನ ಅವನು ಅಕ್ಕನ ಮನೆಗೆ ಹೋದ. ಅಕ್ಕ ಹೊಲಿದಿಟ್ಟ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಮಾತಿನ ಮಧ್ಯೆ ಬುಗುರಿಯ ಮೂಗಿಗೆ ವಾಸನೆ ಬಂತು. ಬಟ್ಟೆ ಸುಟ್ಟ ವಾಸನೆ ಅಲ್ಲ, ಬೇರೆ.

"ಅಕ್ಕ, ಏನೋ ಸುಡ್ತಿದೆ."

"ಏನಿಲ್ಲ, ಅಂಗಿ ಸರಿಯಾಗೇ ಇದೆ" ಎನ್ನುತ್ತಾ ಅವಳು ಅಂಗಿಯನ್ನೇ ತಿರುಗಿಸಿ ನೋಡಿದಳು. ಅವಳ ಎಡಗೈಯ ಎರಡು ಬೆರಳು ಇಸ್ತ್ರಿಪೆಟ್ಟಿಗೆಯ ಅಂಚಿಗೆ ತಗುಲಿಕೊಂಡೇ ಇದ್ದವು.

ಬುಗುರಿ ಕೈ ಹಿಡಿದು ಎಳೆದ. ನಲ್ಲಿಯ ಕೆಳಗೆ ಹಿಡಿದ. ಬೆರಳ ತುದಿ ಕೆಂಪಗೆ ಊದಿತ್ತು. ಪಕ್ಕದಲ್ಲೇ ಹಳೆಯ ಸುಟ್ಟ ಗುರುತುಗಳೂ, ಸೂಜಿ ಚುಚ್ಚಿದ ಗುರುತುಗಳೂ ಇದ್ದವು. ಅಕ್ಕ ಆ ಕೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡುತ್ತಿದ್ದಳು.

"ಯಾವಾಗಿಂದ?"

"ಏನ್ ಯಾವಾಗಿಂದ?"

"ಅಕ್ಕ, ಯಾವಾಗಿಂದ?"

"ಮೂರನೇ ಚೀಲ ಆದ ಮೇಲೆ" ಎಂದಳು. "ಗುಂಡಿ ಹಾಕೋಕೂ ಆಗ್ತಿಲ್ಲ. ಪಕ್ಕದ ಮನೆ ಹುಡುಗಿ ಬಂದು ಹಾಕಿಕೊಡ್ತಾಳೆ."

"ಡಾಕ್ಟರಮ್ಮಂಗೆ ಚೆನ್ನಾಗಿದೆ ಅಂದೆಯಲ್ಲ."

"ಮತ್ತೇನಂತ ಹೇಳಲೋ. ನೀನು ಹನಿ ಬಿಟ್ಟು ಮಾಡಿದ ಮದ್ದು. ಇದು ಬೆರಳಿಗೆ ಆಗಿ ಬರಲ್ಲ ಅಂತ ನಾನೇ ಹೋಗಿ ಬರೆಸಲಾ? ನಿಂಗೆ ಮೊದಲ ಸಲ ಒಂದು ಕೆಲಸ ನೆಟ್ಟಗೆ ಹತ್ತಿದೆ. ಅಕ್ಕನೇ ಕಲ್ಲು ಹಾಕಿದ್ಲು ಅನ್ನಿಸ್ಕೊಳ್ಳಲಾ?"

ಬುಗುರಿ ನಲ್ಲಿ ನಿಲ್ಲಿಸಲಿಲ್ಲ, ಕೈ ಬಿಡಲಿಲ್ಲ. ಡಾಕ್ಟರಮ್ಮನ ಮಾತು ಅವನಿಗೆ ಆಗ ಅರ್ಥವಾಯಿತು: ಅಕ್ಕನ ಬಾಯಲ್ಲಿ ಇಷ್ಟು ದಿನ ಮಾತಾಡಿದ್ದು ಬೆರಳಲ್ಲ, ತಾನು ಕಿವಿಯಲ್ಲಿ ಊದಿದ ಮಾತು. ಪ್ರಮಾಣ ಇಳಿಸಬೇಕಾದವರು ಇಳಿಸಲಿಲ್ಲ. ಚೀಲದ ಮೇಲೆ ಚೀಲ ಏರುತ್ತಲೇ ಹೋಯಿತು.

ಅಲ್ಲಿಂದ ಅವನು ನೇರ ಘಟಕಕ್ಕೆ ಓಡಿದ. ಬಸ್ಸು ಹತ್ತಿದ್ದ, ಆದರೆ ಬಸ್ಸಿನೊಳಗೂ ಮುಂದೆ ಹಿಂದೆ ನಡೆಯುತ್ತಿದ್ದುದರಿಂದ ಉಳಿದವರಿಗಿಂತ ಎರಡು ಪಟ್ಟು ದೂರ ಕ್ರಮಿಸಿದ ಎನ್ನಬೇಕು. ತಲೆಯೊಳಗೆ ಒಂದೇ ಪ್ರಶ್ನೆ: ಕಣದ ಮದ್ದೇ ಬೆರಳು ತಿಂದಿತೆ? ಹೋಲಿಸಲು ಕಪಾಟಿನಲ್ಲಿ ಹಳೆಯ ಮದ್ದಿನ ಬಾಟಲಿ ಯಾವಾಗಲೂ ಇರುತ್ತದೆ. ಅದನ್ನು ಚೀಲದಲ್ಲಿ ಬೆರೆಸುವಷ್ಟೇ ನೀರಿಗೆ ಬೆರೆಸಿ, ಸುಮ್ಮನೆ, ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿಲ್ಲದೆ, ಹಸಿರು ದೀಪ ಹಿಡಿದ.

ನೂಲು ಕಂಡಿತು.

ಒಂದಿಷ್ಟು ತೆಳು. ಆದರೆ ನೂಲೇ. ಕಣದ ನೀರನ್ನು ಪಕ್ಕಕ್ಕಿಟ್ಟು ಮತ್ತೆ ಹಿಡಿದ. ಎರಡರಲ್ಲೂ ನೂಲು. ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳಬಹುದು. ಗವಸಿನ ಸಂದಿನಲ್ಲಿ, ಕಳ್ಳಗಣ್ಣಿನಲ್ಲಿ, ಒಂದನ್ನೇ ನೋಡಿ ಯಾವನೂ ಹೇಳಲಾರ. ಹಳೆಯ ಮದ್ದು ನೀರಿಗೆ ಬೆರೆಯುವುದಿಲ್ಲವಾದ್ದರಿಂದ ಅದನ್ನು ಸಾಬೂನಿನಂಥ ಒಂದು ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಆ ಎಣ್ಣೆಯೂ ನೀರಿನಲ್ಲಿ ಕಣ್ಣಿಗೆ ಕಾಣದ ಗುಳ್ಳೆ ಕಟ್ಟುತ್ತದೆ, ಬೆಳಕಿಗೆ ಅದೂ ಸಿಗುತ್ತದೆ. ಇಷ್ಟು ವರ್ಷ ಆ ಕೋಣೆಯಲ್ಲಿ ದೀಪ ಹಿಡಿದವರೆಲ್ಲ ಕಣದ ನೀರನ್ನು ಬರೀ ನೀರಿನ ಜೊತೆ ಹೋಲಿಸಿದ್ದರೇ ಹೊರತು, ಹಳೆಯ ಮದ್ದಿಗೆ ದೀಪ ಹಿಡಿಯುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬುಗುರಿ ಏನನ್ನೂ ಕಂಡಿರಲಿಲ್ಲ. ಏನನ್ನೂ ಕಾಣದೆ ಎಲ್ಲವನ್ನೂ ಹೇಳಿಬಿಟ್ಟಿದ್ದ.

ಡಾಕ್ಟರಮ್ಮನ ಕೋಣೆಯಲ್ಲಿ ಅವನು ನಿಂತಲ್ಲೇ ಎಲ್ಲ ಹೇಳಿದ. ದೀಪ ತೆಗೆದು ಮೇಜಿನ ಮೇಲಿಟ್ಟ. ಅವರು ಬೈಯುತ್ತಾರೆಂದು ಕಾದ. ಅವರು ಬೈದಿದ್ದರೇ ಮೇಲಾಗುತ್ತಿತ್ತು.

"ಇದನ್ನ ನಾನು ಪರೀಕ್ಷೆ ನಡೆಸೋ ಮೇಲಿನವರಿಗೆ ತಿಳಿಸ್ತೀನಿ" ಎಂದರು. "ನಿಮ್ಮ ಅಕ್ಕನ ಉತ್ತರಗಳನ್ನ ಲೆಕ್ಕಕ್ಕೆ ಹಿಡೀಬೇಕಾ ಬಿಡಬೇಕಾ ಅವರು ಹೇಳ್ತಾರೆ. ನೀವು ಇನ್ಮೇಲೆ ಡ್ರಿಪ್ಪಿನ ಕೋಣೆ ಒಳಗೆ ಬರೋ ಹಾಗಿಲ್ಲ."

"ಅಕ್ಕನ್ನ ಪರೀಕ್ಷೆಯಿಂದ ತೆಗೆದುಹಾಕ್ತೀರಾ ಮೇಡಂ?"

"ಚಿಕಿತ್ಸೆ ಯಾಕೆ ನಿಲ್ಲತ್ತೆ? ಅದು ನಿಲ್ಲಲ್ಲ. ಮೊದಲು ಬೆರಳು."

"ಅವಳಿಗೆ ಹೋಗ್ತಿರೋದು ಯಾವ್ದು ಮೇಡಂ? ಈಗಲಾದ್ರೂ..."

"ನಂಗೊತ್ತಿಲ್ಲ ಅಂತ ಅವತ್ತೇ ಹೇಳಿದ್ನಲ್ಲ. ಯಾವುದಾದ್ರೂ ಅರ್ಧಕ್ಕಿಳಿಸಬೇಕು. ಅದಕ್ಕೆ ಹೆಸರು ಬೇಕಾಗಿಲ್ಲ." ಮತ್ತೆ ಅವರೇ ಕೇಳಿದರು, "ನೀವು ಸುಳ್ಳು ಹೇಳಿದ್ದು ಅಂತ ಅಕ್ಕನಿಗೆ ಹೇಳಿದ್ರಾ?"

"ಸುಳ್ಳಲ್ಲ ಮೇಡಂ, ತಪ್ಪು."

"ಅದನ್ನೇ ಹೇಳಿ ಹೋಗಿ."

ಅಕ್ಕನಿಗೆ ಹೇಳುವುದು ಅವನಿಗೆ ಡಾಕ್ಟರಮ್ಮನಿಗೆ ಹೇಳಿದಷ್ಟು ಸುಲಭವಾಗಲಿಲ್ಲ. ಮೆಷಿನ್ನಿನ ಸುತ್ತ ಎಷ್ಟು ಸುತ್ತಿದನೆಂದರೆ ಅಕ್ಕನೇ ಬೇಸತ್ತು ಅವನ ಅಂಗಿಯ ಚುಂಗು ಹಿಡಿದುಕೊಂಡಳು. ಬೆರಳಿಗೆ ಗೊತ್ತಾಗದೆ ಅದು ಜಾರಿತು. ಮತ್ತೆ ಮುಷ್ಟಿಯಲ್ಲಿ ಹಿಡಿದಳು.

"ಹೇಳೋ."

ಹೇಳಿದ. ಎರಡು ಬಾಟಲಿ, ಒಂದರಲ್ಲಿ ಕಣ, ಒಂದರಲ್ಲಿ ಹಳೆಯ ಮದ್ದಿನ ಎಣ್ಣೆ, ಎರಡರಲ್ಲೂ ನೂಲು.

"ಅಂದ್ರೆ ನಂಗೆ ಹೋಗಿದ್ದು ನಿಂದಲ್ವಾ?"

"ಇರಬಹುದು. ಇಲ್ಲದೇನೂ ಇರಬಹುದು. ನಂಗೆ ಗೊತ್ತಿಲ್ಲ ಅಕ್ಕ."

ಅಕ್ಕ ಅವನ ಅಂಗಿ ಬಿಟ್ಟಳು. ಕೋಪ ಬಂದಾಗ ಮೆಷಿನ್ನಿನ ಮೇಲೆ ಬಟ್ಟೆ ಮುಚ್ಚುವುದು ಅವಳ ಅಭ್ಯಾಸ. ಈಗಲೂ ಮುಚ್ಚಿದಳು. ತುದಿಗಳು ಕೈಗೆ ಸಿಗದೆ ಸೊಟ್ಟಗೆ ಮುಚ್ಚಿದಳು.

"ನಿನ್ನ ಮರ್ಯಾದೆ ಉಳಿಸೋಕೆ ಅಂತ ಬೆರಳು ಸುಟ್ಕೊಂಡೆ" ಎಂದಳು. "ಅದು ನಿನ್ನ ಮದ್ದೇ ಅಲ್ದೇ ಇದ್ರೆ? ಯಾರೋ ಮಾಡಿದ ಎಣ್ಣೆಗೆ ನಾನು ಮರ್ಯಾದೆ ಕಾದೆನೇನೋ?"

"ನಂದೇ ಆಗಿದ್ರೂ ಕಾಯಬಾರದಿತ್ತು ಅಕ್ಕ."

"ಈಗ ಬುದ್ಧಿ ಹೇಳ್ತೀಯ. ಹೋಗು, ಟೀ ಕಾಯಿಸು. ನಾನು ಮುಟ್ಟಿದ್ರೆ ಬಿಸಿ ಗೊತ್ತಾಗಲ್ಲ."

ಬುಗುರಿ ಟೀ ಕಾಯಿಸಿದ. ಇಬ್ಬರೂ ಕುಡಿದರು, ಅವಳು ಕೂತು, ಅವನು ನಿಂತು. ಲೋಟ ಹಿಡಿಯಲು ಅವಳು ಎರಡೂ ಅಂಗೈ ಬಳಸಿದಳು.

ಮುಂದಿನ ಡ್ರಿಪ್ಪಿನ ದಿನ ಬುಗುರಿ ಕೋಣೆಗಳ ನಡುವಿನ ಓಣಿಯಲ್ಲಿ ಉಳಿದ. ಆ ಓಣಿಯಲ್ಲಿ ಅವನು ನಡೆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ. ನೆಲ ಒರೆಸುವ ಹೆಂಗಸು, "ಸ್ವಾಮಿ, ನೀವು ಹೀಗೇ ನಡೀರಿ, ಕಾಲಿಗೆ ಬಟ್ಟೆ ಕಟ್ತೀನಿ, ನನ್ನ ಕೆಲಸ ಮುಗಿಯತ್ತೆ" ಎಂದಳು. ಅವನಿಗೆ ನಗು ಬರಲಿಲ್ಲ. ಡಾಕ್ಟರಮ್ಮನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅವರು ಅಕ್ಕನ ಕಣ್ಣಿಗೆ ಈ ಸಲ ಬಟ್ಟೆಯನ್ನೇ ಕಟ್ಟಿದ್ದರು.

"ಈಗ?"

ಬುಗುರಿ ಓಣಿಯ ಆ ತುದಿಗೆ ಹೋಗಿ ತಿರುಗಿದ.

"ಇಲ್ಲ" ಎಂದಳು ಅಕ್ಕ.

"ಈಗ?"

"ಇಲ್ಲ ಮೇಡಂ."

"ಈ ಬೆರಳು?"

"ಮುಟ್ಟಿದ್ರಾ? ಇಲ್ಲ."

ಬಾಗಿಲಿನಿಂದ ದೂರ ಹೋಗಿರುವಾಗ ಮುಂದಿನ ಉತ್ತರ ಕೇಳಿಸದೆ ಹೋದೀತೆಂದು ಬುಗುರಿ ನಡಿಗೆಯನ್ನು ಚಿಕ್ಕದು ಮಾಡಿಕೊಳ್ಳುತ್ತಾ ಬಂದ.

"ಹೆಬ್ಬೆರಳು?"

"ಸ್ವಲ್ಪ" ಎಂದಳು ಅಕ್ಕ. ಆಮೇಲೆ ಯೋಚಿಸಿ, "ತಡೀರಿ ಮೇಡಂ, ಇನ್ನೊಂದ್ಸಲ ಮುಟ್ಟಿ. ಸುಮ್ಮನೆ ಹೇಳಬಾರದು."